ಮೈಮೇಲೆ ಜ್ಞಾನ ಬರಲು ಹಿಡಿದ 16 ತಿಂಗಳು

ಕೋಚಿಂಗ್ ಕಲಿಯುತ್ತಿದ್ದೇನೆ ಎಂದು ಹೇಳಿದ ವಾರದಲ್ಲೇ ಎದುರುಮನೆಯವರು ಮಗನನ್ನು ಕಳಿಸಿಬಿಟ್ಟರು. ಎಸ್ಸೆಸ್ಸೆಲ್ಸಿ ಹುಡುಗ, ಲೆಕ್ಕದಲ್ಲಿ ಸ್ವಲ್ಪ ಹಿಂದೆ. "ಆಂಟಿ, ಟ್ರಿಗನಾಮೆಟ್ರಿಯಿಂದ ಶುರು ಮಾಡೋಣ್ವಾ?" ಅಂದ. ತಪ್ಪು ಅವನದಲ್ಲ. ನಮ್ಮಲ್ಲಿ ಕೋಚಿಂಗ್ ಅಂದರೆ ನೀಟ್, ಕೆಎಎಸ್, ಇಲ್ಲವೇ ಕ್ರಿಕೆಟ್. ನಾನು ಕಲಿಯುತ್ತಿದ್ದ ಕೋಚಿಂಗ್ ಏನು ಅಂತ ಒಂದೇ ವಾಕ್ಯದಲ್ಲಿ ಹೇಳಲು ಆಗ ನನಗೇ ಬರುತ್ತಿರಲಿಲ್ಲ. ಈಗ ಹೇಳುವುದಾದರೆ, ಬುದ್ಧಿವಾದ ಹೇಳದೆ, ಪ್ರಶ್ನೆ ಕೇಳುತ್ತಾ, ಮೈ ಏನು ಹೇಳುತ್ತಿದೆ ಅಂತಲೂ ಗಮನಿಸುತ್ತಾ, ಎದುರಿನವರು ತಮ್ಮ ದಾರಿ ತಾವೇ ಹುಡುಕಿಕೊಳ್ಳಲು ಜೊತೆಗಿರುವ ಕೆಲಸ. ಎರಡು ಲೆಕ್ಕ ಹೇಳಿಕೊಟ್ಟು, ಬಾಳೆಹಣ್ಣು ಕೊಟ್ಟು ಕಳಿಸಿದೆ.

ಈಗ ಸರ್ಟಿಫಿಕೇಟ್ ಕೈಗೆ ಬಂದಿದೆ. 2024ರ ಜನವರಿಯಿಂದ 2025ರ ಏಪ್ರಿಲ್‌ವರೆಗೆ 16 ತಿಂಗಳು, ಎರಡು ಲಕ್ಷಕ್ಕೂ ಜಾಸ್ತಿ ಖರ್ಚು. ಇದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಇದು ಶುರುವಾಗಿದ್ದು ಹಲ್ಲಿನ ಡಾಕ್ಟರ ಹತ್ತಿರ. 2023ರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಂಪನಿಯೊಂದರಲ್ಲಿ 19 ವರ್ಷದ ಅಕೌಂಟ್ಸ್ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೆ. ದವಡೆ ಹಲ್ಲೊಂದು ಸೀಳು ಬಿಟ್ಟಿತ್ತು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಎಂದರು ಡಾಕ್ಟರು. "ಹಗಲು ನುಂಗಿದ್ದನ್ನು ರಾತ್ರಿ ಅಗೀತೀರಿ" ಅಂತ ನಕ್ಕರು. ರಾತ್ರಿ ಹಾಕಿಕೊಳ್ಳಲು ಒಂದು ಗಾರ್ಡ್ ಮಾಡಿಕೊಟ್ಟರು. ನಾನೂ ನಕ್ಕೆ, ಆದರೆ ಆ ಮಾತು ಬಿಡಲಿಲ್ಲ.

ಆಗ ಗೆಳತಿಯೊಬ್ಬಳು ಹೊಸದಾಗಿ ಕೋಚ್ ಆಗಿದ್ದಳು. ಆರು ಸೆಷನ್ ಮಾಡೋಣ ಅಂದಳು. ಮೂರನೆಯದರಲ್ಲಿ ನಾನು ಏನೋ ಹೇಳುತ್ತಾ, "ಪರವಾಗಿಲ್ಲ, ನಾನು ನೋಡ್ಕೋತೀನಿ" ಅಂದೆ. ಅವಳು ತಡೆದಳು. "ಅದನ್ನ ಹೇಳಿದಾಗ ನಿನ್ನ ದವಡೆ ಏನು ಮಾಡ್ತು?" ಅಂತ ಕೇಳಿದಳು. ಕೈ ಇಟ್ಟು ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. 19 ವರ್ಷ ದಿನಕ್ಕೆ ಎಷ್ಟು ಸಲ ಆ ಮಾತು ಹೇಳಿದ್ದೆನೋ. ಅವತ್ತು ರಾತ್ರಿ ನಾನೂ ಇದನ್ನು ಕಲಿಯಬೇಕು ಅನ್ನಿಸಿತು.

ಕಲಿಯೋದು ಎಲ್ಲಿ? ಇಲ್ಲಿ ಮೊದಲ ಗೊಂದಲ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಇಲ್ಲ. ನಾಳೆ ಬೆಳಗ್ಗೆ ಯಾರು ಬೇಕಾದರೂ 'ಟ್ರಾನ್ಸ್‌ಫಾರ್ಮೇಶನಲ್ ಕೋಚ್' ಅಂತ ಬೋರ್ಡ್ ಹಾಕಬಹುದು. ವಾರಾಂತ್ಯದ ಎರಡು ದಿನದಲ್ಲಿ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ನಾನು ಆರಿಸಿಕೊಂಡಿದ್ದು ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್, ಅಂದರೆ ಐಸಿಎಫ್ ದಾರಿ. 1995ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ. ಅದರಲ್ಲಿ ಎಸಿಸಿ, ಪಿಸಿಸಿ, ಎಂಸಿಸಿ ಎಂದು ಮೂರು ಮೆಟ್ಟಿಲು. ಮೊದಲ ಮೆಟ್ಟಿಲಾದ ಎಸಿಸಿಗೇ ಕನಿಷ್ಠ 60 ಗಂಟೆ ತರಗತಿ ಬೇಕು. ಅನುಭವಿ ಕೋಚ್ ಒಬ್ಬರ ಹತ್ತಿರ ಕನಿಷ್ಠ ಮೂರು ತಿಂಗಳಲ್ಲಿ ಹರಡಿದ 10 ಗಂಟೆ ಮೆಂಟರಿಂಗ್ ಬೇಕು. ನಾವೇ ಮಾಡಿದ 100 ಗಂಟೆ ಕೋಚಿಂಗ್ ಬೇಕು, ಅದರಲ್ಲಿ 75 ಗಂಟೆಗೆ ದುಡ್ಡು ಪಡೆದಿರಬೇಕು, ಕನಿಷ್ಠ 8 ಜನ ಕ್ಲೈಂಟ್ ಇರಬೇಕು. ಕೊನೆಗೊಂದು ಪರೀಕ್ಷೆ.

ಶಾಲೆ ಹುಡುಕುವಾಗ ಎಸಿಸಿ ಮೆಟ್ಟಿಲಿಗೆ ಬೇಕಾದ 'ಲೆವೆಲ್ 1' ಮಾನ್ಯತೆ ಇದೆಯಾ ಅಂತ ಐಸಿಎಫ್ ವೆಬ್‌ಸೈಟಿನಲ್ಲೇ ನೋಡಿ, ಶಾಲೆಯವರ ಮಾತು ನಂಬಬೇಡಿ. ಆ ಮಾನ್ಯತೆ ಇದ್ದರೆ ತರಗತಿ, ಮೆಂಟರಿಂಗ್, ನಾವು ಮಾಡಿದ ಸೆಷನ್ನಿನ ರೆಕಾರ್ಡಿಂಗ್ ಪರಿಶೀಲನೆ ಮೂರೂ ಒಂದೇ ಕಡೆ ಮುಗಿಯುತ್ತವೆ. ನಾನು ಸೇರಿದ ಆನ್‌ಲೈನ್ ಶಾಲೆಯವರು ಫೋನಿನಲ್ಲಿ 1,45,000 ಎಂದರು. ಬಿಲ್ ಬಂದಾಗ 1,71,100. ಶೇಕಡಾ 18 ಜಿಎಸ್‌ಟಿ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಇಷ್ಟು ವರ್ಷ ಅಕೌಂಟ್ಸ್ ಮಾಡಿ ನಾನು ಕೇಳಲಿಲ್ಲವಲ್ಲ, ಅದಕ್ಕೆ ಏನು ಹೇಳಲಿ.

ಮೊದಲ ತರಗತಿಯಲ್ಲಿ ಒಂದು ಒಣದ್ರಾಕ್ಷಿ ಹಿಡಿದುಕೊಂಡು ಕೂರಿಸಿದರು. ನೋಡಿ, ಮೂಸಿ, ನಾಲಿಗೆ ಮೇಲೆ ಇಡಿ, ಈಗಲೇ ಅಗಿಯಬೇಡಿ. ಇದು ಜಾನ್ ಕಬಟ್-ಝಿನ್ ಎಂಬುವರು 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಎಂಟು ವಾರದ ಕಾರ್ಯಕ್ರಮದಿಂದ ಬಂದ ಅಭ್ಯಾಸ. ಔಷಧಿಯಿಂದ ಪೂರ್ತಿ ವಾಸಿಯಾಗದ ನೋವಿನ ರೋಗಿಗಳಿಗೆ ಅಂತ ಮಾಡಿದ್ದು. ನಾನು ದ್ರಾಕ್ಷಿಯನ್ನು ಮೂರನೇ ಸೆಕೆಂಡಿಗೆ ನುಂಗಿಬಿಟ್ಟಿದ್ದೆ. ಉಳಿದ ಎಂಟು ನಿಮಿಷ ಖಾಲಿ ಬಾಯಿ ಆಡಿಸುತ್ತಾ ಕ್ಯಾಮೆರಾ ಮುಂದೆ ನಾಟಕ ಮಾಡಿದೆ.

ಆಮೇಲೆ ಬಾಡಿ ಸ್ಕ್ಯಾನ್. ಮಲಗಿಕೊಂಡು ಎಡಗಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ ಗಮನವನ್ನು ಮೆಲ್ಲಗೆ ಸಾಗಿಸುವುದು. ಮೊದಲ ಎರಡು ವಾರ ಮೊಣಕಾಲು ದಾಟುವ ಮುಂಚೆ ಗೊರಕೆ. ಅದರ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರಿಗೂ ಹಾಗೇ ಆಗುತ್ತೆ.

ನನಗೆ ಕಷ್ಟವಾಗಿದ್ದು ಪದಗಳು. ಈ ಕ್ಷಣದಲ್ಲಿ ಏನಾಗುತ್ತಿದೆಯೋ ಅದರ ಮೇಲೆ ಗಮನ ಇಡುವ ಈ ಮೈಂಡ್‌ಫುಲ್‌ನೆಸ್‌ಗೆ ಕನ್ನಡದಲ್ಲಿ ಏನನ್ನಲಿ? ಸಾವಧಾನ ಅಂದರೆ ಜನ ನಿಧಾನ ಅಂದುಕೊಳ್ಳುತ್ತಾರೆ. ಒಂದು ದಿನ ಹಾಲಿನ ಪಾತ್ರೆ ಕೈಜಾರಿ ಬಿತ್ತು. ತಕ್ಷಣ ಕಿವಿಯಲ್ಲಿ ಅಜ್ಜಿಯ ದನಿ: "ಮೈಮೇಲೆ ಜ್ಞಾನ ಇಲ್ವೇನೇ ನಿಂಗೆ?" ಒರೆಸುವ ಬಟ್ಟೆ ಹಿಡಿದು ಅಲ್ಲೇ ಕೂತೆ. ಅಜ್ಜಿ ಜ್ಞಾನ ತಲೆಯಲ್ಲಿ ಇಲ್ವಾ ಅಂತ ಕೇಳುತ್ತಿರಲಿಲ್ಲ. ಮೈಮೇಲೆ ಇಲ್ವಾ ಅಂತ ಕೇಳುತ್ತಿದ್ದಳು. ಒಂದೂ ಮುಕ್ಕಾಲು ಲಕ್ಷ ಕೊಟ್ಟು ನಾನು ಕಲಿಯುತ್ತಿದ್ದುದನ್ನು ಅವಳು ಬೈಗುಳದಲ್ಲಿ ಇಟ್ಟುಕೊಂಡಿದ್ದಳು.

ರೆಸಿಲಿಯೆನ್ಸ್ ಕಥೆ ಇನ್ನೂ ಚೆನ್ನಾಗಿದೆ. ನಿಘಂಟು ನೋಡಿದರೆ ಸ್ಥಿತಿಸ್ಥಾಪಕತೆ. ಹೈಸ್ಕೂಲಿನ ವಿಜ್ಞಾನದಲ್ಲಿ ರಬ್ಬರ್ ಬ್ಯಾಂಡಿಗೆ ಹೇಳಿಕೊಟ್ಟ ಪದ. ಅಮ್ಮನನ್ನು ಕೇಳಿದೆ. "ತಡ್ಕೊಳ್ಳೋದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ಚೇತರಿಸಿಕೊಳ್ಳೋದು ಇರಬೇಕು" ಅಂದಳು. ಎರಡರ ನಡುವೆ ಇಷ್ಟು ದೂರ ಇದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅವುಡುಗಚ್ಚಿ ತಡೆದುಕೊಳ್ಳೋದು ನನಗೆ ಚೆನ್ನಾಗಿ ಗೊತ್ತಿತ್ತು, ಸೀಳಿದ ಹಲ್ಲೇ ಸಾಕ್ಷಿ. ಚೇತರಿಸಿಕೊಳ್ಳಲು ಮೊದಲು ಅವುಡು ಬಿಡಬೇಕಲ್ಲ.

ಮಾರ್ಚ್‌ನಿಂದ 100 ಗಂಟೆಯ ಬೇಟೆ. ಕೋರ್ಸ್ ಸೇರುವ ಮುಂಚೆ ಹಳೆ ಸಹೋದ್ಯೋಗಿಗಳ ಜೊತೆ 11 ಗಂಟೆ ಮಾಡಿದ್ದೆ. ಅದು ಒಂದೂ ಲೆಕ್ಕಕ್ಕೆ ಬರಲಿಲ್ಲ, ತರಬೇತಿ ಶುರುವಾದ ಮೇಲಿನದು ಮಾತ್ರ ನಡೆಯುತ್ತೆ. 'ದುಡ್ಡು ಪಡೆದ ಗಂಟೆ' ಎಂಬ ಮಾತಿಗೂ ಹೆದರಬೇಡಿ. ಇಷ್ಟೇ ತೆಗೆದುಕೊಳ್ಳಬೇಕು ಅಂತ ಇಲ್ಲ. ಹಣದ ಬದಲು ವಸ್ತು ಕೊಟ್ಟರೂ ಸಂಬಳ ಸಿಕ್ಕಂತೆಯೇ. ನಾನು 100 ರೂಪಾಯಿಯಿಂದ ಶುರು ಮಾಡಿದೆ. ತೀರ್ಥಹಳ್ಳಿ ಕಡೆಯ ಒಬ್ಬರು ನಾಲ್ಕು ಸೆಷನ್‌ಗೆ ಹಲಸಿನ ಹಪ್ಪಳದ ಎರಡು ಕಟ್ಟು ಕಳಿಸಿದರು. ಗಂಟೆಗಳ ಲೆಕ್ಕ ಇಡುವ ಪಟ್ಟಿಯಲ್ಲಿ, ಅಂದರೆ ಲಾಗ್‌ನಲ್ಲಿ, ಹಾಗೇ ಬರೆದಿದ್ದೇನೆ.

ಲಾಗ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಕ್ಲೈಂಟ್ ಹೆಸರು, ಸಂಪರ್ಕ, ಶುರುವಾದ ಮತ್ತು ಮುಗಿದ ತಾರೀಕು, ದುಡ್ಡಿನ ಗಂಟೆ, ಉಚಿತ ಗಂಟೆ, ಇಷ್ಟನ್ನು ಅವತ್ತವತ್ತೇ ತುಂಬಿಸಿ. ಹೆಸರು ದಾಖಲಿಸಲು ಅವರ ಒಪ್ಪಿಗೆಯನ್ನು ಮೊದಲ ದಿನವೇ ಬರಹದಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್ ಮೆಸೇಜ್ ಇದ್ದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ಮೇ ತಿಂಗಳಲ್ಲಿ ಕೂತು ಹಿಂದಿನ ಒಂಬತ್ತು ಗಂಟೆಗೆ ಒಪ್ಪಿಗೆ ಕೇಳುತ್ತಾ ಫೋನ್ ಮಾಡಿದೆ. ಒಬ್ಬರು ನಂಬರೇ ಬದಲಿಸಿದ್ದರು. ಮೂರು ಗಂಟೆ ಹೋಯಿತು.

ಜುಲೈನಲ್ಲಿ ಮಳೆ. ಶಿವಮೊಗ್ಗದ ಮಳೆ ಗೊತ್ತಲ್ಲ, ಕರೆಂಟ್ ಹೋಗುತ್ತೆ, ವೈಫೈ ಹೋಗುತ್ತೆ, ಕ್ಲೈಂಟ್ ಅಳು ಶುರು ಮಾಡಿದ ಕ್ಷಣಕ್ಕೇ ಹೋಗುತ್ತೆ. 2,300 ರೂಪಾಯಿಗೆ ರೂಟರ್‌ಗೆ ಒಂದು ಚಿಕ್ಕ ಬ್ಯಾಟರಿ ಮತ್ತು ಹೆಡ್‌ಸೆಟ್ ತಂದೆ. ಈ 16 ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಬುದ್ಧಿವಂತ ಖರ್ಚು ಅದು.

ಈಗ ಕಸುಬಿನ ವಿಷಯ. ಇಂಗ್ಲಿಷಿನಲ್ಲಿ ಕಲಿಸಿದ ಪ್ರಶ್ನೆಯನ್ನು ನಾನು ಹಾಗೇ ಕನ್ನಡಕ್ಕೆ ತಂದೆ. "ಆ ಭಾವನೆ ನಿಮ್ಮ ದೇಹದಲ್ಲಿ ಎಲ್ಲಿದೆ?" ಒಬ್ಬ ಟೀಚರ್ ಗಾಬರಿಯಾಗಿ, "ಏನ್ ಮೇಡಂ, ಡಾಕ್ಟರ್ ತರ ಕೇಳ್ತೀರಲ್ಲ?" ಅಂದರು. ಇನ್ನೊಬ್ಬರು, "ಭಾವನೆ ಮನಸ್ಸಲ್ಲಿ ಇರುತ್ತಪ್ಪ" ಅಂತ ನನಗೇ ತಿದ್ದಿದರು. ಹತ್ತಿಪ್ಪತ್ತು ಗಂಟೆ ಹೀಗೇ ಕಳೆಯಿತು.

ಆಮೇಲೆ ಸುಮ್ನೆ ಅವರ ಮಾತು ಕೇಳತೊಡಗಿದೆ. ಅವರು ಆಗಲೇ ಹೇಳುತ್ತಿದ್ದರು! ಎದೆ ಧಸಕ್ ಅಂತು. ಕರುಳು ಚುರುಕ್ ಅಂತು. ಕೈಕಾಲೇ ಆಡಲಿಲ್ಲ. ತಲೆ ಮೇಲೆ ಬಂಡೆ ಇಟ್ಟ ಹಾಗೆ. ಹೊಟ್ಟೆಗೆ ಹಾಕಿಕೊಂಡೆ. ನಮ್ಮ ಭಾಷೆ ಭಾವನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿಲ್ಲ, ಮೈಯೆಲ್ಲ ಹಂಚಿಬಿಟ್ಟಿದೆ. ನಾನು ಎಲ್ಲಿದೆ ಎಂದು ಹುಡುಕಿಸುವ ಅಗತ್ಯವೇ ಇರಲಿಲ್ಲ. ಅವರು ಬಂಡೆ ಅಂದರೆ ಬಂಡೆ ಎಷ್ಟು ಭಾರ, ಯಾರು ತಂದಿಟ್ಟದ್ದು, ಈಗ ಈ ಮಾತು ಆಡುವಾಗ ಅದು ಅಲ್ಲೇ ಇದೆಯಾ ಅಂತ ಕೇಳಿದರೆ ಸಾಕಿತ್ತು. ಆ ಟೀಚರ್ ಒಂದು ದಿನ ತಾವೇ ಎದ್ದು ನಿಂತು, ಭುಜ ಕೆಳಗಿಳಿಸಿ, "ನೋಡಿ, ಹೆಡ್‌ಮಾಸ್ಟರ್ ರೂಮಿಗೆ ಹೋಗೋವಾಗ ನಾನು ಹೀಗೆ ನಡೆಯೋದೇ ಇಲ್ಲ" ಅಂದರು. ಮುಂದಿನ ವಾರ ಹಾಗೆ ನಡೆದು ಹೋಗಿ ನೋಡಿದರಂತೆ. ಕೇಳಿದ ರಜೆ ಸಿಗಲಿಲ್ಲ. ಆದರೆ ಹೊರಗೆ ಬಂದು ಅಳಲಿಲ್ಲ ಅಂದರು.

ಒಂದು ಎಚ್ಚರಿಕೆ. ಕಣ್ಣು ಮುಚ್ಚಿ ಮೈಯನ್ನು ಗಮನಿಸುವುದು ಎಲ್ಲರಿಗೂ ಹಿತವಲ್ಲ. ಹಳೆಯ ಪೆಟ್ಟು ಇದ್ದವರಿಗೆ ಅದೇ ಗಾಬರಿ ತರಬಹುದು. ಕಣ್ಣು ತೆರೆದೇ ಇರಲಿ, ಬೇಡ ಅನ್ನಿಸಿದರೆ ಬಿಡಿ ಅಂತ ನಾನು ಮೊದಲೇ ಹೇಳುತ್ತೇನೆ. ಒಬ್ಬ ಹುಡುಗ ಎರಡನೇ ಸೆಷನ್‌ನಲ್ಲಿ ಮೂರು ವಾರದಿಂದ ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ. ಅಲ್ಲಿಗೆ ಕೋಚಿಂಗ್ ಮುಗಿಯಿತು. ಅದು ನನ್ನ ಕೆಲಸವಲ್ಲ ಅಂತ ತಿಳಿದುಕೊಳ್ಳುವುದೂ ನನ್ನ ಕೆಲಸ. ಅವನ ಜೊತೆ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿಸಿದೆ, ಅವನ ಅಕ್ಕನಿಗೂ ಅವನ ಎದುರೇ ತಿಳಿಸಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಈ ನಂಬರ್ ನಿಮ್ಮ ಮೇಜಿನ ಮೇಲೆ ಬರೆದು ಅಂಟಿಸಿಕೊಂಡ ಮೇಲೆಯೇ ಮೊದಲ ಕ್ಲೈಂಟ್ ತೆಗೆದುಕೊಳ್ಳಿ.

ಆಗಸ್ಟ್ ಕೊನೆಯಲ್ಲಿ ಅಪ್ಪ ಬಿದ್ದರು. ಸೊಂಟದ ಮೂಳೆ. ಆಸ್ಪತ್ರೆ, ಆಪರೇಷನ್, ಮನೆಗೆ ತಂದ ಮೇಲೆ ನ್ಯುಮೋನಿಯಾ, ಮತ್ತೆ ಆಸ್ಪತ್ರೆ. ನಾನು ಏಳು ವಾರ ಒಂದೂ ಸೆಷನ್ ಮಾಡಲಿಲ್ಲ. ಮೊದಲ ವಾರ ಎಂದಿನಂತೆ ಎಲ್ಲರಿಗೂ ನಾನು ನೋಡ್ಕೋತೀನಿ ಅಂದೆ. ಒಂದು ರಾತ್ರಿ ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದಾಗ ದವಡೆ ನೋವು ಕಿವಿಯವರೆಗೆ ಹತ್ತಿತ್ತು. ಬಾಡಿ ಸ್ಕ್ಯಾನ್ ಅಂತ ಏನೂ ಮಾಡಲಿಲ್ಲ. ಕಾಲಿನ ಚಪ್ಪಲಿ ಬಿಟ್ಟು ಪಾದ ನೆಲಕ್ಕೆ ಊರಿದೆ. ನೆಲ ತಣ್ಣಗಿತ್ತು. ಹಲ್ಲು ಬಿಟ್ಟೆ. ಬಿಟ್ಟ ಕೂಡಲೇ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಭದ್ರಾವತಿಯ ಅಜ್ಜಿಯೊಬ್ಬರು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು. ಬೆಳಗ್ಗೆ ತಮ್ಮನಿಗೆ ಫೋನ್ ಮಾಡಿ, "ನನ್ನ ಕೈಲಿ ಆಗ್ತಿಲ್ಲ, ನೀನು ಬಾ" ಅಂದೆ. 47 ವರ್ಷಕ್ಕೆ ಮೊದಲ ಸಲ. ಅವನು ಅವತ್ತೇ ಸಂಜೆ ಬಸ್ಸಿಗೆ ಬಂದ. ಇಷ್ಟು ವರ್ಷ ನೀನು ಕರೆದೇ ಇಲ್ಲವಲ್ಲ ಅಂದ, ಸ್ವಲ್ಪ ಸಿಟ್ಟಿನಲ್ಲೇ.

ಅಪ್ಪ ಈಗ ವಾಕರ್ ಹಿಡಿದು ಓಡಾಡುತ್ತಾರೆ.

ನವೆಂಬರಿನಲ್ಲಿ ರೆಕಾರ್ಡಿಂಗ್ ಕೊಟ್ಟೆ. ಲೆವೆಲ್ 1 ಶಾಲೆಗಳಲ್ಲಿ ಒಂದು ಪೂರ್ತಿ ಸೆಷನ್ನಿನ ರೆಕಾರ್ಡಿಂಗ್ ಅನ್ನು ಪರಿಶೀಲಕರು ಕೇಳುತ್ತಾರೆ. ನನ್ನದು ಕನ್ನಡದಲ್ಲಿತ್ತು. ಶಾಲೆಯವರು ಇಂಗ್ಲಿಷ್ ಅನುವಾದ ಕೇಳಿದರು. 42 ನಿಮಿಷದ ಮಾತನ್ನು ಬರೆದು ಅನುವಾದಿಸಲು ಮೂರು ಸಂಜೆ ಹಿಡಿಯಿತು. ಡಿಸೆಂಬರಿನಲ್ಲಿ ವಾಪಸ್ ಬಂತು, ಫೇಲ್. ಎರಡು ಕಾರಣ. ಮೊದಲನೆಯದು ನ್ಯಾಯವಾಗಿತ್ತು: ಕ್ಲೈಂಟ್‌ಗಿಂತ ನಾನೇ ಜಾಸ್ತಿ ಮಾತಾಡಿದ್ದೆ, ಎರಡು ಕಡೆ ಬುದ್ಧಿವಾದ ಹೇಳಿದ್ದೆ. ಐಸಿಎಫ್‌ನ ಎಂಟು ಸಾಮರ್ಥ್ಯಗಳಲ್ಲಿ ಐದನೆಯದು ಆ ಕ್ಷಣದಲ್ಲಿ ಪೂರ್ತಿ ಹಾಜರಿರುವುದು, ಮೌನಕ್ಕೆ ಜಾಗ ಬಿಡುವುದೂ ಅದರಲ್ಲೇ ಬರುತ್ತದೆ. ನಾನು ಒಂದು ಮೌನವನ್ನೂ ಮೂರು ಸೆಕೆಂಡಿಗಿಂತ ಜಾಸ್ತಿ ಬದುಕಲು ಬಿಟ್ಟಿರಲಿಲ್ಲ. ದ್ರಾಕ್ಷಿಯ ಹಾಗೆ ನುಂಗಿಬಿಟ್ಟಿದ್ದೆ.

ಎರಡನೆಯದಕ್ಕೆ ನಗಬೇಕೋ ಅಳಬೇಕೋ. ಕ್ಲೈಂಟ್ ತಮ್ಮ ಓರಗಿತ್ತಿಯ ಹೊಸ ಮನೆ ಬಗ್ಗೆ ಹೇಳುತ್ತಾ, "ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ" ಅಂದಿದ್ದರು. ಮೈಯ ಮಾತು ಕಳೆದುಹೋಗಬಾರದು ಅಂತ ನಾನು ಅದನ್ನು ಪದಕ್ಕೆ ಪದ ಇಟ್ಟು ಅನುವಾದಿಸಿದ್ದೆ. ಪರಿಶೀಲಕರಿಗೆ ಕನ್ನಡ ಬಾರದು. ಕ್ಲೈಂಟ್ ಹೊಟ್ಟೆಯ ತೊಂದರೆ ಹೇಳಿಕೊಂಡರೂ ಕೋಚ್ ವೈದ್ಯರ ಬಳಿ ಕಳಿಸಲಿಲ್ಲ ಅಂತ ಷರಾ ಬರೆದಿದ್ದರು. ನೀವು ಕನ್ನಡದಲ್ಲಿ ರೆಕಾರ್ಡ್ ಮಾಡುವುದಾದರೆ ಇಂಥ ಮಾತುಗಳಿಗೆ ಪಕ್ಕದಲ್ಲಿ ಒಂದು ಸಾಲು ವಿವರಣೆ ಹಾಕಿ. ಶಾಲೆ ಸೇರುವ ಮುಂಚೆಯೇ ಕನ್ನಡ ತಿಳಿದ ಪರಿಶೀಲಕರು ಇದ್ದಾರಾ ಅಂತ ಕೇಳಿ. ಜಿಎಸ್‌ಟಿ ಜೊತೆಗೇ ಕೇಳಿಬಿಡಿ.

ಎರಡನೇ ರೆಕಾರ್ಡಿಂಗ್ ಜನವರಿಯಲ್ಲಿ ಪಾಸಾಯಿತು. ಅದರಲ್ಲಿ ಒಂದು ಕಡೆ 40 ಸೆಕೆಂಡ್ ಇಬ್ಬರೂ ಸುಮ್ಮನಿದ್ದೇವೆ. ಹಿನ್ನೆಲೆಯಲ್ಲಿ ತರಕಾರಿ ಗಾಡಿಯವನು ಕೂಗುವುದು ಕೇಳುತ್ತದೆ.

ಫೆಬ್ರವರಿಯಲ್ಲಿ ಅರ್ಜಿ. ನಾನು ಕಟ್ಟಿದಾಗ ಸದಸ್ಯರಿಗೆ 175 ಡಾಲರ್, ಸದಸ್ಯರಲ್ಲದವರಿಗೆ 325. ಸದಸ್ಯತ್ವಕ್ಕೇ ಆಗ ವರ್ಷಕ್ಕೆ 245 ಡಾಲರ್ ಇತ್ತು. ಕೂಡಿ ನೋಡಿ, ಬರೀ ಅರ್ಜಿಯ ರಿಯಾಯಿತಿಗಾಗಿ ಸದಸ್ಯರಾದರೆ ನಷ್ಟ. ನಾನು 325 ಕಟ್ಟಿದೆ. ಮೊದಲು ಕಾರ್ಡೇ ನಡೆಯಲಿಲ್ಲ, ವಿದೇಶಿ ಪಾವತಿ ಆನ್ ಮಾಡಿರಲಿಲ್ಲ. ಬ್ಯಾಂಕಿನ ಶುಲ್ಕ ಸೇರಿ 28,700 ರೂಪಾಯಿ ಆಯಿತು. ಪರೀಕ್ಷೆಯ ಶುಲ್ಕ ಅದರಲ್ಲೇ ಸೇರಿದೆ. ಅರ್ಜಿಯನ್ನು ಆಡಿಟ್‌ಗೆ ಎತ್ತಿಕೊಂಡರೆ ಲಾಗ್ ತೋರಿಸಬೇಕಾಗುತ್ತದೆ, ಆದ್ದರಿಂದ ನಾನು ಕೊನೆಗೆ 100 ಅಲ್ಲ, 108 ಗಂಟೆ ಮಾಡಿಕೊಂಡೇ ಹಾಕಿದೆ. 81 ದುಡ್ಡಿನದು.

ಹೆಸರಿನ ಗೋಳು ಹೇಳಲೇಬೇಕು. ಅರ್ಜಿಯಲ್ಲಿ ನನ್ನ ಹೆಸರಿನ ಹಿಂದೆ ಇನಿಷಿಯಲ್ ಮಾತ್ರ ಹಾಕಿದ್ದೆ, ಹುಟ್ಟಿದಾಗಿನಿಂದ ಹಾಗೇ ಬರೆಯೋದು. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎರಡೂ ಇದೆ. ಪರೀಕ್ಷೆಗೆ ಗುರುತಿನ ಚೀಟಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ತಪ್ಪು ನನ್ನದೇ, ತಿದ್ದಿಸಲು ಒಂಬತ್ತು ದಿನ ಇಮೇಲ್ ಓಡಾಟ. ಕೋರ್ಸಿಗೆ ಸೇರುವ ದಿನವೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಹೆಸರು ಬರೆಯಿರಿ.

ಪರೀಕ್ಷೆ ಪಿಯರ್ಸನ್ ವ್ಯೂ ಎಂಬ ಪರೀಕ್ಷೆ ನಡೆಸುವ ಕಂಪನಿಯ ಮೂಲಕ. ಮನೆಯಲ್ಲೇ ಕೂತು ಬರೆಯಬಹುದು. ಆದರೆ ಕೋಣೆಯೊಳಗೆ ಯಾರೂ ಬರಬಾರದು, ಮೇಜಿನ ಮೇಲೆ ಏನೂ ಇರಬಾರದು. ವಾಕರ್ ಹಿಡಿದ ಅಪ್ಪ, ಹತ್ತು ನಿಮಿಷಕ್ಕೊಮ್ಮೆ ಕಾಫಿ ಬೇಕಾ ಅಂತ ಇಣುಕುವ ಅಮ್ಮ. ಸಾಧ್ಯವೇ ಇಲ್ಲ ಅಂತ ಬೆಂಗಳೂರಿನ ಕೇಂದ್ರ ಆರಿಸಿಕೊಂಡೆ. ಕನ್ನಡದಲ್ಲಿ ಪರೀಕ್ಷೆ ಇಲ್ಲ. ಪ್ರಶ್ನೆಗಳ ಬಗ್ಗೆ ಬರೆಯುವ ಹಾಗೂ ಇಲ್ಲ, ಒಪ್ಪಿಗೆ ಹಾಕಿ ಬಂದಿದ್ದೇನೆ. ಬೆಳಗಿನ ಜನಶತಾಬ್ದಿಯಲ್ಲಿ ಹೋದೆ. ಮೊಬೈಲು, ವಾಚು ಎಲ್ಲ ಲಾಕರ್‌ಗೆ. ಅಂಕದ ಅಳತೆ 200ರಿಂದ 600, ಪಾಸಾಗಲು 460. ಮಧ್ಯದಲ್ಲಿ ಒಂದು ಸಲ ಕಣ್ಣು ಮಂಜಾಯಿತು. ಕೈ ದವಡೆಗೆ ಹೋಯಿತು. ಗಟ್ಟಿ. ಬಿಟ್ಟು, ಪಾದ ಊರಿ, ಮುಂದಿನ ಪ್ರಶ್ನೆ ಓದಿದೆ. ಪಾಸಾದೆ. ಬೆಂಗಳೂರಿನ ಓಡಾಟ, ಲಾಡ್ಜು ಸೇರಿ 4,200.

ಒಟ್ಟು 2,06,300. ಇಷ್ಟರಲ್ಲಿ ನಾನು ಗಳಿಸಿದ್ದು 38,500 ಮತ್ತು ಹಪ್ಪಳ. ಯಾರಾದರೂ ಆರು ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತೆ ಅಂದರೆ ಎದ್ದು ಬನ್ನಿ. ಸರ್ಟಿಫಿಕೇಟ್ ಮೂರು ವರ್ಷಕ್ಕೆ. ಆಮೇಲೆ 40 ಗಂಟೆ ಮುಂದುವರಿದ ಕಲಿಕೆ, ಮತ್ತೆ 10 ಗಂಟೆ ಮೆಂಟರಿಂಗ್ ತೋರಿಸಿ ನವೀಕರಿಸಬೇಕು. ಅದಕ್ಕೂ ಈಗಿನಿಂದಲೇ ಸ್ವಲ್ಪ ದುಡ್ಡು ಎತ್ತಿಡುತ್ತಿದ್ದೇನೆ.

ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಗಾರ್ಡ್ ಮೇಲಿನ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬಲಗಡೆ ಕಡಿಮೆಯಾಗಿದೆ, ಎಡಗಡೆ ಹಾಗೇ ಇದೆ ಅಂದರು. ಗಾರ್ಡ್ ಹಾಕಿಕೊಂಡೇ ಮಲಗಬೇಕಂತೆ. ಮುಂದಿನ ತಪಾಸಣೆ ಅಕ್ಟೋಬರಿನಲ್ಲಿ.